ಇಬ್ಬರು ಸೋದರಮಾವಂದಿರು, ಒಂದು ಮುನಿಸು

ನಮ್ಮ ಮನೆತನದ ಗಂಡಸರಿಗೆ ಹಿರಿಯರಿಂದ ಬಂದ ಆಸ್ತಿ ಎರಡು. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಒಂದು ಹಂಚಿನ ಮನೆ, ಮತ್ತು ಮುನಿಸಿಕೊಳ್ಳುವ ಕಲೆ. ಮನೆಗೆ ಪಾಲುದಾರರು ಬೇಕಾದಷ್ಟು ಜನ ಇದ್ದಾರೆ. ಮುನಿಸು ಮಾತ್ರ ಪೂರ್ತಿಯಾಗಿ ನನಗೇ ಬಂದಿದೆ.

ನನಗೊಬ್ಬಳು ತಂಗಿ. ಅಂದರೆ ಅವಳ ಮಕ್ಕಳಿಗೆ ನಾನು ಸೋದರಮಾವ. ನಮ್ಮಲ್ಲಿ ಮದುವೆಯ ಮೊದಲ ಕರೆಯೋಲೆ ಮನೆದೇವರಿಗೆ, ಎರಡನೆಯದು ಸೋದರಮಾವನಿಗೆ. ಈ ಕ್ರಮ ತಪ್ಪಿದರೆ ಸೋದರಮಾವ ಮುನಿಸಿಕೊಳ್ಳಲೇಬೇಕು. ನಗುನಗುತ್ತಾ ಬಂದು ಉಂಡು ಹೋದರೆ, ಇವನಿಗೆ ತಂಗಿಯ ಮೇಲೆ ಅಕ್ಕರೆಯೇ ಇಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ತಂಗಿಯ ಮಗಳ ಮದುವೆಯಲ್ಲಿ ನನಗಿಂತ ಮೊದಲು ನಮ್ಮ ಪಕ್ಕದ ಮನೆಗೆ ಕಾರ್ಡು ಹೋಯಿತು. ಗಲ್ಲಿಗೆ ಬಂದರೆ ಅವರ ಮನೆಯೇ ಮೊದಲು ಸಿಗುತ್ತದೆ ಎಂಬುದು ತಂಗಿಯ ಸಮಜಾಯಿಷಿ. ನಾನು ಮದುವೆಗೆ ಹೋದೆ, ಹೊಸ ಪಂಚೆ ಉಟ್ಟುಕೊಂಡೇ ಹೋದೆ, ಆದರೆ ಚಪ್ಪಲಿ ಬಿಡುವ ಜಾಗ ದಾಟಿ ಒಳಗೆ ಕಾಲಿಡಲಿಲ್ಲ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ನಾನೇ ಆದ್ದರಿಂದ ಪುರೋಹಿತರು ಮಂತ್ರ ನಿಲ್ಲಿಸಿ ಕಾದರು.

ಮುನಿಸಿಗೂ ಒಂದು ಶಿಸ್ತಿದೆ. ಸಿಟ್ಟು ಬಂದವನು ಮನೆಗೆ ಹೊರಟುಹೋಗುತ್ತಾನೆ, ಮುನಿಸಿಕೊಂಡವನು ಹೋಗುವುದಿಲ್ಲ. ಎಲ್ಲರ ಕಣ್ಣಿಗೂ ಬೀಳುವ ಹಾಗೆ, ಆದರೆ ಯಾರ ಜೊತೆಗೂ ಸೇರದ ಹಾಗೆ ಕೂರಬೇಕು. ಊಟ ಮುಟ್ಟಬಾರದು, ಕೂಗಾಡಬಾರದು. ತಪ್ಪು ಮಾಡಿದವರು ತಾವಾಗಿ ಬಂದು ಕರೆಯುವ ತನಕ ಏಳಬಾರದು, ಕರೆದ ಮೇಲೆ ತೀರಾ ಸತಾಯಿಸಲೂಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಾಣದ ಮುನಿಸು ಮೂರು ಕಾಸಿಗೂ ಬಾಳುವುದಿಲ್ಲ. ಇದನ್ನೆಲ್ಲ ನಾನು ನನ್ನ ಸೋದರಮಾವನನ್ನು ನೋಡಿ ಕಲಿತದ್ದು.

ಶಿವಾಜಿನಗರದಲ್ಲಿ ನನ್ನದೊಂದು ಹೊಲಿಗೆ ಯಂತ್ರದ ಬಿಡಿಭಾಗಗಳ ಅಂಗಡಿ. ಗಿರಾಕಿಗಳ ಜೊತೆ ದಖ್ಖನಿ ಉರ್ದು, ಎದುರಂಗಡಿಯವರ ಜೊತೆ ತಮಿಳು, ಮನೆಗೆ ಬಂದರೆ ಕನ್ನಡ. ತಂಗಿಯ ಮನೆ ಕೆ.ಆರ್. ಪುರದಲ್ಲಿ. ಅವಳ ಗಂಡ ತೀರಿಕೊಂಡ ಮೇಲೆ ಆ ಮನೆಗೆ ಹಿರಿಯ ಎಂದರೆ ನಾನೇ. ಅವಳ ಮಗ ದೊಡ್ಡನೆಕ್ಕುಂದಿಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಏನು ಕೆಲಸ ಎಂದು ಕೇಳಿದರೆ, ಬೇರೆ ಬೇರೆ ಕಡೆಯಿಂದ ಬಂದವರು ಆಫೀಸಿನಲ್ಲಿ ಹೊಂದಿಕೊಂಡು ಇರುವಂತೆ ನೋಡಿಕೊಳ್ಳುವುದಂತೆ. ಅದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನನಗೆ ನಂಬಿಕೆ ಬರಲಿಲ್ಲ. ನಮ್ಮ ಬಜಾರಿನಲ್ಲಿ ಆ ಕೆಲಸವನ್ನು ಟೀ ಅಂಗಡಿಯವನು ಪುಕ್ಕಟೆ ಮಾಡುತ್ತಾನೆ.

ಈ ಅಳಿಯ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ಅಲ್ಲಿನ ಒಬ್ಬ ನರ್ಸ್ ಅವನ ಮನಸ್ಸು ಕದ್ದಳು. ನಾಗಾಲ್ಯಾಂಡಿನ ಬೆಟ್ಟದ ಊರಿನವಳು, ಹೊರಮಾವಿನಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಅವಳ ಕನ್ನಡವೆಲ್ಲ ವಾರ್ಡಿನಲ್ಲಿ ಕಲಿತದ್ದು, ಹಾಗಾಗಿ ಬಾಯಿ ತೆರೆದರೆ ಬರುವುದೆಲ್ಲ ಅಪ್ಪಣೆಗಳೇ. ಮೊದಲ ಸಲ ಮನೆಗೆ ಬಂದ ದಿನ ತಂಗಿ, ಜನ ಏನಂತಾರೆ, ಮಕ್ಕಳು ಯಾರ ಥರ ಹುಟ್ತಾರೆ ಎಂದು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹುಡುಗಿ ನೇರ ಒಳಗೆ ಹೋಗಿ ಅವಳ ಕೈ ಹಿಡಿದಳು.

"ಅಮ್ಮ, ಗಾಬರಿ ಆಗ್ಬೇಡಿ. ಕೂತ್ಕೊಳಿ. ಉಸಿರು ಎಳ್ಕೊಳಿ. ಬಿಡಿ."

ನನ್ನ ತಂಗಿ ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳಿದವಳಲ್ಲ. ಅವತ್ತು ಕೂತಳು, ಉಸಿರು ಎಳೆದುಕೊಂಡಳು, ಬಿಟ್ಟಳು. ಸಂಜೆಗೆ ಒಪ್ಪಿಕೊಂಡಳು.

ಆ ಹುಡುಗಿಯನ್ನು ಕಂಡವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಯಾವ ದೇಶ ಎಂದು. ಆಟೋದವರು, ತರಕಾರಿಯವರು, ಲಿಫ್ಟಿನಲ್ಲಿ ಜೊತೆಗೆ ನಿಂತವರು. ಮೊದಮೊದಲು ಭೂಪಟ ಬಿಡಿಸಿ ಹೇಳುವಷ್ಟು ತಾಳ್ಮೆಯಿಂದ ವಿವರಿಸುತ್ತಿದ್ದಳಂತೆ. ಆಮೇಲೆ ಬೇಸತ್ತು, ಬಾಯಿಗೆ ಬಂದ ದೇಶದ ಹೆಸರು ಹೇಳಿ ನಕ್ಕುಬಿಡುತ್ತಿದ್ದಳು. ನಮ್ಮ ಗಲ್ಲಿಯ ಒಬ್ಬ ಅಜ್ಜಿ ಅವಳನ್ನು ಇವತ್ತಿಗೂ ಜಪಾನಿನವಳೆಂದೇ ನಂಬಿದ್ದಾರೆ ಮತ್ತು ಅಲ್ಲಿ ಭೂಕಂಪವಾದಾಗಲೆಲ್ಲ ಬಂದು ವಿಚಾರಿಸಿಕೊಂಡು ಹೋಗುತ್ತಾರೆ.

ಮದುವೆ ಹುಡುಗಿಯ ಊರಿನಲ್ಲಿ, ಆರತಕ್ಷತೆ ಕೆ.ಆರ್. ಪುರದಲ್ಲಿ ಎಂದಾಯಿತು. ಕಾರ್ಡು ಈ ಸಲ ದೇವರಿಗಿಂತ ಮೊದಲೇ ನನ್ನ ಕೈ ಸೇರಿತು. ತಂಗಿ, ಅಳಿಯ, ಹುಡುಗಿ, ನಾನು ಹೊರಟೆವು. ವಿಮಾನ ಇಳಿದ ಮೇಲೆ ಜೀಪು, ಜೀಪು ಹತ್ತಿದ ಮೇಲೆ ಬರೀ ತಿರುವು. ತಂಗಿ ಕಿಟಕಿಗೆ ತಲೆ ಕೊಟ್ಟು, ವಾಂತಿಗೂ ದೇವರ ಧ್ಯಾನಕ್ಕೂ ಸರದಿ ಹಾಕಿಕೊಂಡಿದ್ದಳು. ಕೊನೆಗೆ ಬೆಟ್ಟದ ನೆತ್ತಿಯ ಮೇಲೆ ಊರು ಕಂಡಿತು. ತಗಡಿನ ಮಾಡುಗಳು, ಎಲ್ಲಕ್ಕಿಂತ ಎತ್ತರದಲ್ಲಿ ಚರ್ಚು, ಕೆಳಗೆಲ್ಲ ಮೋಡ.

ಜೀಪಿನಿಂದ ಇಳಿದದ್ದೇ ತಡ, ಊರಿಗೆ ಊರೇ ನಮ್ಮನ್ನು ನೋಡಲು ಬಂದು ನಿಂತಿತು. ಮಕ್ಕಳು ನನ್ನ ಮೀಸೆಯನ್ನೂ ಬಣ್ಣವನ್ನೂ ಸಾವಕಾಶವಾಗಿ ಪರೀಕ್ಷೆ ಮಾಡಿದರು. ಒಬ್ಬ ಮುದುಕಿ ನನ್ನ ಮುಂಗೈ ಹಿಡಿದು ತಿರುಗಿಸಿ ನೋಡಿ ಹುಡುಗಿಯನ್ನು ಏನೋ ಕೇಳಿದಳು. ಹುಡುಗಿ ಬಿದ್ದು ಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ ಮೇಲೆ, ನೀವು ಯಾವ ದೇಶದವರು ಎಂದು ಅಜ್ಜಿ ಕೇಳುತ್ತಿದ್ದಾರೆ ಎಂದಳು. ತಂಗಿಗೆ ವಾಂತಿಯ ಸುಸ್ತಿನಲ್ಲೂ ರೇಗಿತು.

"ನಾವು ಕೆ.ಆರ್. ಪುರದೋರು ಅಂತ ಹೇಳಮ್ಮ," ಎಂದಳು.

ಸುಸ್ತು ಆರುವ ಮೊದಲೇ ತೊಂದರೆ ಗೊತ್ತಾಯಿತು. ಹುಡುಗಿಯ ಸೋದರಮಾವ ಮನೆ ಬಿಟ್ಟು ಹೊಲದ ಗುಡಿಸಲು ಸೇರಿದ್ದ. ಆ ಊರಿನಲ್ಲೂ ತಾಯಿಯ ಅಣ್ಣತಮ್ಮಂದಿರೆಂದರೆ ದೊಡ್ಡ ಮರ್ಯಾದೆ. ಅವರ ಮನಸ್ಸು ನೋಯಿಸಿದರೆ ಒಳ್ಳೆಯದಾಗುವುದಿಲ್ಲ ಎನ್ನುತ್ತಾರೆ. ಹುಡುಗಿಯ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ತಾಯಿಯ ಕಡೆಯಿಂದ ಉಳಿದವನು ಈತ ಒಬ್ಬನೇ. ಮಾವ ಇಳಿದು ಬಂದು ಒಂದು ಮಾತು ಹೇಳದೆ ತಾನು ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಹುಡುಗಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ನಾಡಿದ್ದು ಮದುವೆ. ಮದುವೆಯೂಟಕ್ಕೆ ಹಂದಿಗಳು ಬಂದಾಗಿತ್ತು, ನೆಂಟರು ಬಂದಾಗಿತ್ತು. ಅಪ್ಪ ಕಳಿಸಿದ ಹಿರಿಯರು ಗುಡಿಸಲಿಗೆ ಹೋಗಿ ಬಂದಾಗಿತ್ತು. ಆತ ಬಾಯಿಯೇ ಬಿಟ್ಟಿರಲಿಲ್ಲ.

ಒಲೆಯ ಸುತ್ತ ಎಲ್ಲರೂ ಕೂತು, ಹಾಲಿಲ್ಲದ ಟೀ ಕುಡಿಯುತ್ತಾ ಚಿಂತೆ ಮಾಡಿದೆವು. ಅಳಿಯನ ಮುಖ ಬಾಡಿತ್ತು. ನಾವು ಬಯಲಿನವರು, ಕಪ್ಪು ಜನ, ಬೇರೆ ದೇವರು, ಅದಕ್ಕೇ ಆತನಿಗೆ ಇಷ್ಟವಿಲ್ಲ ಎಂಬುದು ಅವನ ಲೆಕ್ಕ. ಇಂಥದ್ದಕ್ಕೆಲ್ಲ ಅವನ ಹತ್ತಿರ ಆಫೀಸಿನ ಪಾಠಗಳಿದ್ದವು. ಫೋನಿನಲ್ಲಿ ಒಂದು ಭಾಷಣ ತಯಾರು ಮಾಡಿಕೊಂಡು, ನಡುನಡುವೆ ಚಿತ್ರಗಳನ್ನೂ ಸೇರಿಸಿಕೊಂಡು, ಬೆಳಗಾದರೆ ಬೆಟ್ಟ ಹತ್ತಿ ಒಪ್ಪಿಸಲು ಕೂತಿದ್ದ.

ನಾನು ಹುಡುಗಿಯನ್ನು ಪಕ್ಕಕ್ಕೆ ಕರೆದು, ಮದುವೆಯ ಸುದ್ದಿಯನ್ನು ಮೊದಲು ಯಾರಿಗೆ ಹೇಳಿದೆ ಎಂದು ಕೇಳಿದೆ. ಅಪ್ಪನಿಗೆ, ಆಮೇಲೆ ಪಾದ್ರಿಗೆ, ಆಮೇಲೆ ಊರಿನ ಹಿರಿಯರಿಗೆ, ಅತ್ತೆಯರಿಗೆ. ಮಾವನಿಗೆ? ಕೊನೆಯಲ್ಲಿ ಫೋನು ಮಾಡಿದ್ದಳಂತೆ, ಅರ್ಧಕ್ಕೆ ಸಿಗ್ನಲ್ ಹೋಯಿತಂತೆ. ನನಗೆ ಮೈ ಜುಮ್ಮೆಂದಿತು. ಆ ಗುಡಿಸಲು ಎಲ್ಲಿದೆ ಎಂದೆ. ಅವಳು ಬಾಗಿಲಿಗೆ ಕರೆದುಕೊಂಡು ಹೋಗಿ ಎದುರು ಬೆಟ್ಟ ತೋರಿಸಿದಳು. ಊರಿನ ಯಾವ ಮನೆಯಿಂದ ನೋಡಿದರೂ ಕಾಣುವ ಇಳಿಜಾರಿನಲ್ಲಿ ಒಂದೇ ಒಂದು ಗುಡಿಸಲು, ಅದರ ಮುಂದೆ ಊರಿಗೆ ಬೆನ್ನು ಮಾಡಿ ಕೂತ ಒಬ್ಬ ಮನುಷ್ಯ. ಹಾವಿನ ಹೆಜ್ಜೆ ಹಾವೇ ಬಲ್ಲದು. ಅಳಿಯನಿಗೆ ನಿನ್ನ ಭಾಷಣ ಮಡಿಚಿಡು ಎಂದೆ.

ಬೆಳಿಗ್ಗೆ ತಂಗಿಯನ್ನು ಕರೆದುಕೊಂಡು ಹೊರಟೆ. ಹಲಸೂರು ಮಾರುಕಟ್ಟೆಯಿಂದ ತಂದ ವೀಳ್ಯದೆಲೆ ಜೀಪಿನ ಪ್ರಯಾಣಕ್ಕೆ ಬಾಡಿ ಮುದುರಿತ್ತು, ಅಡಿಕೆ ಗಟ್ಟಿಯಾಗಿತ್ತು. ಅವನ್ನೇ ತಟ್ಟೆಗೆ ಹಾಕಿಕೊಂಡೆವು. ಆತ ಊಟ ಮಾಡುವ ತನಕ ನಾನೂ ಮಾಡುವುದಿಲ್ಲ ಎಂದು ಮನೆಯವರಿಗೆ ಹೇಳಿ ಬಂದಿದ್ದೆ. ಆ ಇಳಿಜಾರು ಇಳಿದು ಈ ಇಳಿಜಾರು ಹತ್ತುವಷ್ಟರಲ್ಲಿ ಆಡಿದ ಮಾತಿಗೆ ಪಶ್ಚಾತ್ತಾಪವಾಯಿತು.

ಆತ ನನ್ನ ವಯಸ್ಸಿನವನೇ, ಗಿಡ್ಡ, ಗಟ್ಟಿ ಆಳು. ನಮ್ಮನ್ನು ನೋಡಿಯೂ ನೋಡದಂತೆ ಕಣಿವೆಯ ಕಡೆ ತಿರುಗಿ ಕೂತ. ತಂಗಿ ಮಾತಾಡಲು ಬಾಯಿ ತೆರೆದಳು, ನಾನು ಕಣ್ಣಲ್ಲೇ ತಡೆದೆ. ತಟ್ಟೆಯನ್ನು ನೆಲದ ಮೇಲಿಟ್ಟು, ನಾನೂ ಆತನಿಗೆ ಬೆನ್ನು ಮಾಡಿ ಕೂತೆ. ಒಂದೇ ಕಸುಬಿನವರ ನಡುವೆ ಇಷ್ಟಾದರೂ ಮರ್ಯಾದೆ ಬೇಡವೇ?

ಕೊನೆಗೆ ಆತನೇ ತಡೆಯಲಾರದೆ, ನೀನು ಯಾಕೆ ಆ ಕಡೆ ತಿರುಗಿ ಕೂತಿದ್ದೀಯ ಎಂದ. ಆತ ಸೈನ್ಯದಲ್ಲಿದ್ದವನು, ಅಲ್ಲಿ ಕಲಿತ ಹಿಂದಿ. ನನ್ನದು ಶಿವಾಜಿನಗರದ ದಖ್ಖನಿ. ಎರಡೂ ಸೇರಿ ಹುಟ್ಟಿದ ಭಾಷೆಯನ್ನು ದಿಲ್ಲಿಯವರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು, ನಮಗೆ ಸಾಕಾಯಿತು. ನಾನು ಹುಡುಗನ ಸೋದರಮಾವ ಎಂದೆ. ನಮ್ಮ ಕಡೆಯೂ ಮೊದಲು ಸೋದರಮಾವನಿಗೆ ಹೇಳಬೇಕು, ಕೊನೆಗೆ ಹೇಳಿದ್ದು ತಪ್ಪು, ನಾನೂ ಊಟ ಮುಟ್ಟದೆ ಬಂದಿದ್ದೇನೆ ಎಂದೆ. ಆತ ಸ್ವಲ್ಪ ಈ ಕಡೆ ತಿರುಗಿದ. ನಾನು ಚಪ್ಪಲಿ ಬಿಡುವ ಜಾಗದಲ್ಲಿ ಕೂತ ಕಥೆ ಹೇಳಿದೆ. ಪುರೋಹಿತರು ಮಂತ್ರ ನಿಲ್ಲಿಸಿದ ಭಾಗ ಆತನಿಗೆ ಬಹಳ ಹಿಡಿಸಿತು, ಇನ್ನೊಂದು ಸಲ ಹೇಳಿಸಿಕೊಂಡ. ಆಮೇಲೆ, ತಾನು ಅಕ್ಕನ ಮದುವೆಯಲ್ಲಿ ಮರ ಹತ್ತಿ ಕೂತದ್ದನ್ನು ಹೇಳಿದ. ಮರದ ಉಪಾಯ ನನಗೆ ಹೊಳೆದೇ ಇರಲಿಲ್ಲ. ತಂಗಿ ನಮ್ಮಿಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡಳು.

ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಎಲ್ಲ ಮುಗಿಯಿತು ಎಂದುಕೊಂಡು ನಾನು ಎದ್ದೆ. ಆತ ಏಳಲಿಲ್ಲ. ಫೋನು ಕೊನೆಗೆ ಬಂದದ್ದಕ್ಕೆ ಬೇಜಾರಾದದ್ದು ನಿಜ, ಆದರೆ ಬಂದು ಕೂತದ್ದು ಅದಕ್ಕಲ್ಲ ಎಂದ. ಒಮ್ಮೆ ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು ಹೊರಮಾವಿನಲ್ಲಿ ಕೆಲವು ದಿನ ಇದ್ದನಂತೆ. ಹುಡುಗಿಯ ಜೊತೆ ತರಕಾರಿ ತರಲು ಹೋದಾಗ ಯಾರೋ, ಯಾವ ದೇಶ ಎಂದು ಕೇಳಿದರಂತೆ, ಜೊತೆಗಿದ್ದವರು ಹಲ್ಲು ಬಿಟ್ಟರಂತೆ. ಅವಳು ಏನೋ ಒಂದು ಹೆಸರು ಹೇಳಿ ನಕ್ಕಳಂತೆ.

"ಅವಳು ನಕ್ಕಳು. ನಾನು ನಗಲಿಲ್ಲ," ಎಂದ. "ನಾನು ಇಲ್ಲಿ ಕೂತು ಮುನಿಸಿಕೊಂಡರೆ ನಿಮ್ಮೂರಿಗೆ ಕಾಣುತ್ತಾ? ಅಲ್ಲಿ ಅವಳ ಪರವಾಗಿ ಮುನಿಸಿಕೊಳ್ಳೋರು ಯಾರು?"

ಎಷ್ಟು ವರ್ಷ ಮುನಿಸಿಕೊಂಡಿದ್ದೇನೆ, ಒಂದು ಸಲವೂ ನನ್ನ ಕಾರ್ಡು, ನನ್ನ ಶಾಲು, ನನ್ನ ಮರ್ಯಾದೆ ಬಿಟ್ಟು ಬೇರೆ ಯಾರಿಗಾಗಿಯೂ ಅಲ್ಲ. ನಾನಿದ್ದೇನಲ್ಲ ಎಂದೆ. ಆತ ತಲೆ ಅಲ್ಲಾಡಿಸಿದ. ನೀನು ಹುಡುಗನ ಮಾವ, ನಾಳೆ ಗಂಡ ಹೆಂಡತಿಗೆ ಜಗಳವಾದರೆ ಯಾವ ಕಡೆ ಕೂರುತ್ತೀಯ ಎಂದ. ಅವಳ ಕಡೆಗೆ ಬರುವುದಾದರೆ ಪೂರ್ತಿ ಬಾ, ಅಡ್ಡಗೋಡೆಯ ಮೇಲೆ ದೀಪ ಇಡಬೇಡ ಎಂಬರ್ಥದ್ದೇನೋ ಹೇಳಿದ.

ನಾನು ತಂಗಿಯ ಮುಖ ನೋಡಿದೆ. ಅವಳಿಗೆ ದಖ್ಖನಿ ಅರ್ಥವಾಗುತ್ತದೆ.

"ಅಣ್ಣ, ನೀನು ನನ್ನ ಅಣ್ಣ ಅಲ್ವಾ?" ಎಂದಳು.

ಹೌದು, ಅದಕ್ಕೇ ಹೇಳುತ್ತಿದ್ದೇನೆ, ನಿನಗೆ ಮಗನಿದ್ದಾನೆ, ಆ ಹುಡುಗಿಗೆ ತಾಯಿಯ ಕಡೆಯವರು ಅಂತ ನಮ್ಮೂರಿನಲ್ಲಿ ಯಾರೂ ಇಲ್ಲ ಎಂದೆ. ತಂಗಿ ತಟ್ಟೆಯನ್ನು ನನ್ನ ಕಡೆ ಒರಟಾಗಿ ತಳ್ಳಿ, ಏನಾದ್ರೂ ಮಾಡ್ಕೋ ಎಂದಳು. ನಮ್ಮ ಮನೆತನದಲ್ಲಿ ಒಪ್ಪಿಗೆ ಎಂದರೆ ಇಷ್ಟೇ. ಆತ ಎದ್ದು ನಮ್ಮ ಜೊತೆ ಬೆಟ್ಟ ಇಳಿದ.

ಮರುದಿನ ಮದುವೆಯಲ್ಲಿ ನಾನು ಹುಡುಗಿಯ ಕಡೆಯ ಬೆಂಚಿನಲ್ಲಿ, ಆತನ ಪಕ್ಕದಲ್ಲಿ ಕೂತೆ. ಅಳಿಯ ಆಚೆ ಬೆಂಚಿನಲ್ಲಿ ಅಮ್ಮನೊಬ್ಬಳನ್ನೇ ಕಟ್ಟಿಕೊಂಡು, ನನ್ನನ್ನು ನೋಡಿ ನೋಡಿ ಅಳುಮುಖ ಮಾಡುತ್ತಿದ್ದ. ಪಾಪ, ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳಬೇಕು ಎಂದು ಪಾಠ ಹೇಳುವವನೇ ತನ್ನ ಮಾವನನ್ನು ಕಳೆದುಕೊಂಡಿದ್ದ. ಊಟದ ಹೊತ್ತಿಗೆ ಮಾಂಸದ ಪಾಲು ಹಂಚಿದರು. ಆ ಊರಿನಲ್ಲಿ ಹಂದಿಯ ಒಂದು ತೊಡೆ ಹುಡುಗಿಯ ಸೋದರಮಾವನಿಗೇ ಸೇರಬೇಕು. ಆತ ಅದನ್ನು ಎರಡು ಮಾಡಿ, ಒಂದನ್ನು ಎಲೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟ. ನಾವು ಕುರಿ ಕೋಳಿ ತಿನ್ನುವವರು, ಹಂದಿಯನ್ನು ಮುಟ್ಟಿದವರಲ್ಲ. ಬೇಡವೆಂದರೆ ಪಾಲು ಬೇಡವೆಂದಂತೆ, ಪಾಲು ಬೇಡವೆಂದರೆ ಹುಡುಗಿಯೇ ಬೇಡವೆಂದಂತೆ. ಎರಡೂ ಕೈಯಲ್ಲಿ ತೆಗೆದುಕೊಂಡೆ.

ಪಾಲು ಅವರವರ ಮನೆಗೇ ಹೋಗಬೇಕಂತೆ. ಹೊಗೆಯಲ್ಲಿ ಒಣಗಿಸಿ, ಬಟ್ಟೆ ಸುತ್ತಿ, ಹಲಸೂರಿನ ತನಕ ತಂದೆ. ನನ್ನ ಹೆಂಡತಿ ಅದನ್ನು ಹೊಸಿಲು ದಾಟಿಸಲಿಲ್ಲ. ಕಡೆಗೆ ಹುಡುಗಿಯೇ ಬಂದು, ಹಿತ್ತಲಲ್ಲಿ ಬೇರೆ ಒಲೆ ಹೂಡಿ ಬೇಯಿಸಿದಳು. ಬೆಟ್ಟದ ಮಾವನ ಮೇಲಿನ ಮರ್ಯಾದೆಗೆ ನಾನು ಒಂದು ಚೂರು ಬಾಯಿಗೆ ಹಾಕಿಕೊಂಡೆ. ಎರಡನೆಯ ಚೂರು ಯಾವ ಮರ್ಯಾದೆಗೆ ಎಂದು ಹೆಂಡತಿ ಕೇಳಿದಳು. ಅವತ್ತಿನಿಂದ ಹುಡುಗಿ ನನ್ನನ್ನು ಅಂಕಲ್ ಎನ್ನುವುದು ಬಿಟ್ಟು, ಅವಳ ಊರಿನಲ್ಲಿ ತಾಯಿಯ ತಮ್ಮನನ್ನು ಕರೆಯುವ ಮಾತಿನಿಂದಲೇ ಕರೆಯತೊಡಗಿದಳು. ನನ್ನ ನಾಲಗೆಗೆ ಆ ಮಾತು ಇನ್ನೂ ಹೊರಳುವುದಿಲ್ಲ, ಕಿವಿಗೆ ಮಾತ್ರ ಚೆನ್ನಾಗಿ ಅಭ್ಯಾಸವಾಗಿದೆ.

ಆರತಕ್ಷತೆಯ ದಿನ ಕೆ.ಆರ್. ಪುರದ ಕಲ್ಯಾಣ ಮಂಟಪ ತುಂಬಿತ್ತು. ಅಳಿಯನ ದೊಡ್ಡಪ್ಪ, ಅಂದರೆ ತಂಗಿಯ ಗಂಡನ ಅಣ್ಣ, ಆಶೀರ್ವಾದ ಮಾಡುವ ನೆಪದಲ್ಲಿ ಹಾಡಿನವರ ಮೈಕು ತೆಗೆದುಕೊಂಡರು. ಕೆಟ್ಟ ಮನುಷ್ಯರಲ್ಲ, ಮೈಕು ಕಂಡರೆ ತಡೆಯಲಾರರು, ಅಷ್ಟೇ. ಹುಡುಗಿಯ ಕಡೆ ತಿರುಗಿ, "ಯಾವ ದೇಶದ್ದಮ್ಮ ನಿಂದು? ಚೈನಾ ಮಾಲಾ? ಗ್ಯಾರಂಟಿ ಕಾರ್ಡ್ ಕೊಟ್ಟಿದ್ದಾರಾ?" ಎಂದರು. ಸಭೆ ಗೊಳ್ಳೆಂದು ನಕ್ಕಿತು. ಹುಡುಗಿಯೂ ನಕ್ಕಳು.

ನಾನು ನಗಲಿಲ್ಲ. ಎದ್ದು, ನಡುವಿನ ದಾರಿಯಲ್ಲಿ ಎಲ್ಲರಿಗೂ ಕಾಣುವಂತೆ ನಡೆದು, ಚಪ್ಪಲಿ ಬಿಡುವ ಜಾಗಕ್ಕೆ ಹೋಗಿ ಕೂತೆ. ಅಲ್ಲಿ ಕೂರುವುದು ನನಗೆ ಹೊಸತಲ್ಲ. ಸೋದರಮಾವ ಪಂಕ್ತಿಗೆ ಕೂರದೆ ಬಡಿಸುವಂತಿಲ್ಲ. ಸಾರು ಆರತೊಡಗಿತು.

ಮೊದಲು ಅಳಿಯ ಓಡಿಬಂದ. "ಮಾವ, ಕಾರ್ಡು ಫಸ್ಟು ನಿನಗೇ ಕೊಟ್ವಲ್ಲ, ಮತ್ತೇನಾಯ್ತು?" ಎಂದ. ನಾನು ಇವತ್ತು ನಿನ್ನ ಮಾವನಲ್ಲ ಎಂದೆ. ಅವನಿಗೆ ಅರ್ಥವಾಯಿತು, ತಲೆ ತಗ್ಗಿಸಿ ನಿಂತ. ಆಮೇಲೆ ತಂಗಿ ಬಂದಳು. ಬೈಯಲು ಬಂದವಳು ನನ್ನನ್ನೊಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಪಕ್ಕದಲ್ಲೇ ಚಪ್ಪಲಿಗಳ ನಡುವೆ ಕೂತುಬಿಟ್ಟಳು. ಗಂಡಿನ ತಾಯಿಯೇ ಮುನಿಸಿಕೊಂಡ ಮದುವೆಯನ್ನು ನಾನು ಅದೇ ಮೊದಲು ನೋಡಿದ್ದು.

ದೊಡ್ಡಪ್ಪ ಬರಲು ತಡವಾಯಿತು. ಬಂದವರು ನನ್ನ ಮುಂದೆ ಕೈಮುಗಿದರು. ನನಗಲ್ಲ ಎಂದು ನಾನು ಒಳಗೆ ಬೆರಳು ತೋರಿಸಿದೆ. ಅವರು ವೇದಿಕೆ ಹತ್ತಿ, ಮೈಕಿಲ್ಲದೆ, ಹುಡುಗಿಗೆ ತಪ್ಪಾಯಿತಮ್ಮ ಎಂದರು. ಅವಳು ಅವರ ಮಣಿಕಟ್ಟು ಹಿಡಿದು, "ಪರವಾಗಿಲ್ಲ, ಗಾಬರಿ ಆಗ್ಬೇಡಿ. ಉಸಿರು ಎಳ್ಕೊಳಿ. ಬಿಡಿ," ಎಂದಳು. ಅವರು ಬಿಟ್ಟರು.

ಅಷ್ಟರ ಮೇಲೆ ನಾನು ಎದ್ದೆ. ಹುಡುಗಿ ಫೋನು ಹಿಡಿದುಕೊಂಡು ನನ್ನ ಎಲೆಯ ಹತ್ತಿರ ಬಂದಳು. ಪರದೆಯ ಮೇಲೆ ಬೆಟ್ಟದ ಮಾವ. ಗೆಳತಿಯೊಬ್ಬಳ ಕೈಗೆ ಫೋನು ಕೊಟ್ಟು ಆರತಕ್ಷತೆಯನ್ನು ಅವಳು ಆತನಿಗೆ ಮೊದಲಿನಿಂದ ತೋರಿಸುತ್ತಿದ್ದಳಂತೆ, ನಾನು ಎದ್ದು ನಡೆದದ್ದನ್ನೂ. ಆತ ಏನೋ ಕೇಳಿದ. ನಿಮ್ಮದು ಊಟ ಆಯಿತಾ ಎಂದು ಕೇಳುತ್ತಿದ್ದಾರೆ ಎಂದಳು. ಇನ್ನೂ ಇಲ್ಲ ಎಂದು ನಾನೇ ನಮ್ಮಿಬ್ಬರ ಭಾಷೆಯಲ್ಲಿ ಹೇಳಿದೆ. ಆತ ಫೋನನ್ನು ಕೆಳಗೆ ತಿರುಗಿಸಿ ತನ್ನ ತಟ್ಟೆ ತೋರಿಸಿದ. ಅನ್ನ ಬಡಿಸಿದಂತೆಯೇ ಇತ್ತು. ನಾನು ಚಪ್ಪಲಿಯ ಜಾಗದಲ್ಲಿ ಕೂತಾಗಿನಿಂದ ಆತನೂ ತಟ್ಟೆ ಮುಟ್ಟದೆ ಪಕ್ಕಕ್ಕೆ ಕೂತಿದ್ದನಂತೆ.

ನಾನು ಫೋನನ್ನು ನೀರಿನ ಲೋಟಕ್ಕೆ ಒರಗಿಸಿಟ್ಟೆ. ಇಬ್ಬರೂ ಒಟ್ಟಿಗೆ ತುತ್ತು ಎತ್ತಿದೆವು.